ಹುಚ್ಚೆಳ್ಳಿನ ಹೊಲವೇ ಪಾಠಶಾಲೆಯಾಗಲಿ

ತೆಲುಗಿನಲ್ಲಿ ತೇನೆಟೀಗ, ತಮಿಳಿನಲ್ಲಿ ತೇನೀ, ನಮ್ಮಲ್ಲಿ ಜೇನುನೊಣ. ಹೊಸೂರು, ಕೃಷ್ಣಗಿರಿ ಕಡೆಯ ಹೈಸ್ಕೂಲು ಹುಡುಗರಿಗೆ ಹೆಸರು ಗೊತ್ತು, ಅದು ಮಾಡೋ ಕೆಲಸವನ್ನು ಕಣ್ಣಾರೆ ತೋರಿಸೋರು ಕಡಿಮೆ.

ರಾಗಿ ಸಾಲಿನ ನಡುವೆ ಹಾಕುವ ಹುಚ್ಚೆಳ್ಳಿಗೆ ತನ್ನದೇ ಗಿಡದ ಪರಾಗ ಒಗ್ಗೋದಿಲ್ಲ. ಬೇರೆ ಗಿಡದ್ದನ್ನು ಜೇನು ಹೊತ್ತು ತರಬೇಕು. ಮೇಷ್ಟ್ರುಗಳು ಮಕ್ಕಳನ್ನು ಹೊಲಕ್ಕೆ ಕರೆತಂದು ಕೆಲವು ಮೊಗ್ಗಿಗೆ ಸೊಳ್ಳೆಪರದೆ ಕಟ್ಟಿಸಲಿ, ಕೆಲವನ್ನು ಹಾಗೇ ಬಿಡಲಿ. ಕೊಯ್ಲಿನಲ್ಲಿ ಕಾಳು ಎಣಿಸಿದರೆ ಪಾಠ ತಾನೇ ತಲೆಗೆ ಹತ್ತುತ್ತೆ.

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ದಕ್ಷಿಣದ ತುಡುವೆ ಜೇನಿನ ಪೆಟ್ಟಿಗೆಗಳನ್ನು ಬರಿದು ಮಾಡಿತು. ಅದು ರೋಗ; ಹೂವಿನ ಮೇಲೆ ಹಗಲಲ್ಲಿ ಔಷಧಿ ಹೊಡೆಯೋದು ನಮ್ಮ ಕೈಯ ಕೆಲಸ. ನಾಳೆ ಪಂಪು ಹೆಗಲಿಗೇರಿಸೋರು ಈ ಹುಡುಗರೇ. ಹೊಡೆಯಲೇಬೇಕಾದರೆ ಜೇನು ಗೂಡು ಸೇರಿದ ಮೇಲೆ, ಸಂಜೆ ಅಂತ ಈಗಲೇ ಕಲಿಸೋಣ. ವ್ಯಾಪಾರಿಗಳೇ, ನಿಮ್ಮ ಮಂಡಿಯ ಮೂಟೆಯಲ್ಲೂ ಜೇನಿನ ಪಾಲಿದೆ.