ರೋಗಿ ಮಗುವಿನ ಹಾಸಿಗೆಯ ಬಳಿ

ನಮ್ಮ ಗಡಿಸೀಮೆಯ ಮಗುವಿಗೆ ಅರ್ಬುದರೋಗ ತಗಲಿದರೆ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ, ಹೃದ್ರೋಗವಾದರೆ 1991ರಲ್ಲಿ ತೆರೆದ ಪುಟ್ಟಪರ್ತಿಯ ಸತ್ಯಸಾಯಿ ಆಸ್ಪತ್ರೆ ನೆನಪಿಗೆ ಬರುತ್ತವೆ. ಚಿಕಿತ್ಸೆ ಬಹಳ ಮುಂದುವರಿದಿದೆ. ಶುಶ್ರೂಷೆಯ ವಿಷಯದಲ್ಲಿ ಮಾತ್ರ ನನ್ನದೊಂದು ತಕರಾರು.

ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಮೂರನೆಯ ತರಗತಿಯ ಬಾಲಕನೊಬ್ಬನನ್ನು ನೋಡಲು ನಗರದ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಸಂಜೆ ಗಂಟೆ ಬಾರಿಸಿದೊಡನೆ ತಾಯಿಯನ್ನು ಹೊರಗೆ ಕಳುಹಿಸಿದರು. ಹುಡುಗ ಅಳಲಿಲ್ಲ, ಗೋಡೆಯತ್ತ ಮುಖ ತಿರುಗಿಸಿ ಮಲಗಿದ. (ಸದ್ದಿಲ್ಲದ ಮಗು ಸುಖವಾಗಿದೆಯೆಂದು ನಾವು ಉಪಾಧ್ಯಾಯರೂ ಎಷ್ಟೋ ಸಲ ಭ್ರಮಿಸಿದ್ದೇವೆ!) ರಾತ್ರಿ ಪಾಳಿಯ ದಾದಿಯೊಬ್ಬರು ತಾಯಿಯ ಹಳೆಯ ಸೀರೆಯನ್ನೇ ಅವನಿಗೆ ಹೊದಿಸಿದರಂತೆ. ಸೂಜಿ ಚುಚ್ಚುವ ಮುನ್ನ, "ನೋಯುತ್ತದೆ ಕಂದಾ, ನನ್ನ ಕೈ ಹಿಡಿದುಕೋ" ಎಂದರಂತೆ. ಮರುದಿನ ಅವನೇ ಹೇಳಿದ: "ಅವರು ಸುಳ್ಳು ಹೇಳಲಿಲ್ಲ ಸಾರ್."

ತಾಯಂದಿರು ಆಸ್ಪತ್ರೆಯಲ್ಲಿ ಮಕ್ಕಳೊಡನೆ ಉಳಿಯಲು ಅವಕಾಶವಿರಬೇಕೆಂದು ಬ್ರಿಟನ್ನಿನ ಪ್ಲ್ಯಾಟ್ ಸಮಿತಿ 1959ರಲ್ಲೇ ಶಿಫಾರಸು ಮಾಡಿತ್ತು. ತಾಯಿಗೊಂದು ಚಾಪೆಯ ಜಾಗ ಕೊಡುವುದು ಉಪಕಾರವಲ್ಲ, ಚಿಕಿತ್ಸೆಯ ಅಂಗ. ಇಡೀ ವಾರ್ಡಿಗೆ ಒಬ್ಬರೇ ದಾದಿಯನ್ನು ನೇಮಿಸಿ ಅವರಿಂದ ಕರುಣೆಯನ್ನು ನಿರೀಕ್ಷಿಸುವುದೂ ನ್ಯಾಯವಲ್ಲ.

ನಮ್ಮ ಶಾಲೆಯಲ್ಲಿ ಓದಿ ದಾದಿಯರಾಗಿರುವ ಹೆಣ್ಣುಮಕ್ಕಳಲ್ಲಿ ಈ ಹಳೆಯ ಮೇಷ್ಟ್ರ ಬೇಡಿಕೆ ಇಷ್ಟೇ: ಹಾಸಿಗೆಯ ನಂಬರು ಹಿಡಿದು ಕರೆಯಬೇಡಿರಮ್ಮ, ಮನೆಯಲ್ಲಿ ಕರೆಯುವ ಹೆಸರನ್ನು ಕೇಳಿ ಕರೆಯಿರಿ.