ಸೇವೆಯ ಹೆಸರೂ ಕೂಲಿಯ ಲೆಕ್ಕವೂ

ಹಳ್ಳಿಗಾಡಿನ ಮಿಷನ್ ಆಸ್ಪತ್ರೆಗಳಲ್ಲಿ ಸೇವೆಮಾಡಲು ಯುವಕ ಯುವತಿಯರು ಮುಂದೆ ಬರಬೇಕೆಂದು ನಮ್ಮ ಸಭೆಗಳಲ್ಲಿ ಆಗಾಗ ಕರೆ ಕೊಡಲಾಗುತ್ತದೆ. ಕರೆ ಯೋಗ್ಯವಾದದ್ದೇ. ಆದರೆ ಅದರಲ್ಲಿ ಬರುವ 'ಸೇವೆ' ಎಂಬ ಒಂದೇ ಮಾತು ಇಬ್ಬರಿಗೆ ಎರಡು ಅರ್ಥ ಕೊಡುತ್ತದೆ. ಡಾಕ್ಟರರಿಗೆ ಅದು ತಾವಾಗಿ ಆರಿಸಿಕೊಂಡ ದಾರಿ. ವಾರ್ಡಿನ ಆಯಾಳಿಗೆ, ಕಸ ಗುಡಿಸುವವನಿಗೆ, ಅಡಿಗೆಯವಳಿಗೆ ಅದು ಮನೆಯ ಒಲೆ ಉರಿಯುವ ದಾರಿ. ಈ ಭೇದವನ್ನು ಮರೆತು ಎಲ್ಲರಿಗೂ ಒಂದೇ ತ್ಯಾಗವನ್ನು ಬೋಧಿಸುವುದು ನ್ಯಾಯವಲ್ಲ.

ಈ ಆಸ್ಪತ್ರೆಗಳ ಋಣ ಗಡಿನಾಡಿನ ನಮ್ಮ ಮೇಲೆ ದೊಡ್ಡದು. ಕೆನಡಾದಲ್ಲಿ ಹುಟ್ಟಿದ ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜಿನಲ್ಲಿ ಆಸ್ಪತ್ರೆ ತೆರೆದರು. ಜತ್ತ ಸೀಮೆಯ ಕನ್ನಡ ರೈತನಿಗೆ ಮಿರಜೆಂದರೆ ದೊಡ್ಡ ದವಾಖಾನೆಯ ಊರು. ವೆಲ್ಲೂರಿನಲ್ಲಿ ಡಾ. ಐಡಾ ಸ್ಕಡರ್ 1900ರಲ್ಲಿ ಒಂದೇ ಹಾಸಿಗೆಯಿಂದ ಆರಂಭಿಸಿದರು. 1909ರಲ್ಲಿ ದಾದಿಯರ ಶಾಲೆ, 1918ರಲ್ಲಿ ಹೆಣ್ಣುಮಕ್ಕಳ ವೈದ್ಯಶಾಲೆ ಬಂದವು. ದಾದಿಯರ ಶಾಲೆ ಒಂಬತ್ತು ವರ್ಷ ಮೊದಲು ಬಂತೆಂಬುದನ್ನು ಗಮನಿಸಬೇಕು. ಕೈ ಹಿಡಿದು ಆರೈಕೆ ಮಾಡುವವರಿಲ್ಲದೆ ಆಸ್ಪತ್ರೆ ನಿಲ್ಲದೆಂಬುದು ಆ ತಾಯಿಗೆ ತಿಳಿದಿತ್ತು.

ಸಭೆಗಳ ಆಶ್ರಯದಲ್ಲಿ ವೆಲ್ಲೂರಿನಲ್ಲಿ ಓದಿದ ಡಾಕ್ಟರರು ಎರಡು ವರ್ಷ ಮಿಷನ್ ಆಸ್ಪತ್ರೆಯಲ್ಲಿ ದುಡಿಯಬೇಕೆಂಬ ಕರಾರಿದೆ. ಒಳ್ಳೆಯ ಕರಾರು. ಅವಧಿ ಮುಗಿಸಿ ಕೆಲವರು ಉಳಿಯುತ್ತಾರೆ, ಹಲವರು ಮೇಲಿನ ಓದಿಗೆ ಹೋಗುತ್ತಾರೆ. ತಪ್ಪೆನ್ನಲಾಗದು. ಆದರೆ ಅದೇ ಊರಿನ ಆಯಾಳು ಇಪ್ಪತ್ತು ಮೂವತ್ತು ವರ್ಷ ಅಲ್ಲೇ ಇರುತ್ತಾಳೆ. ಬಂದ ರೋಗಿ 'ಹೊಟ್ಯಾಗ ಉರೀತೈತಿ' ಎಂದರೆ, ಕೇರಳದಿಂದಲೋ ಪುಣೆಯಿಂದಲೋ ಬಂದ ಹೊಸ ಡಾಕ್ಟರರಿಗೆ ಅದನ್ನು ತಿಳಿಸಿಕೊಡುವವಳು ಅವಳೇ. ಗಡಿಯ ಆಸ್ಪತ್ರೆಯಲ್ಲಿ ಕನ್ನಡದ ರೋಗಿಗೂ ಬೇರೆ ಭಾಷೆಯ ಡಾಕ್ಟರರಿಗೂ ನಡುವೆ ಸೇತುವೆಯಾಗುವ ಈ ಕೆಲಸಕ್ಕೆ ಪಗಾರದ ಪುಸ್ತಕದಲ್ಲಿ ಕಾಲಮ್ಮೇ ಇಲ್ಲ.

ದಯಾಳುವಾದ ಸಮಾರ್ಯದವನ ಕಥೆಯನ್ನು ಆಸ್ಪತ್ರೆಯ ಹಬ್ಬಗಳಲ್ಲಿ ನಾವು ಮತ್ತೆ ಮತ್ತೆ ಕೇಳುತ್ತೇವೆ. ಗಾಯಕ್ಕೆ ಎಣ್ಣೆ ಹಾಕಿದ್ದನ್ನು ಹೇಳುತ್ತೇವೆ, ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟದ್ದನ್ನು ಬೇಗ ದಾಟಿಬಿಡುತ್ತೇವೆ. ಹೆಚ್ಚು ಖರ್ಚಾದರೆ ತಿರುಗಿ ಬಂದಾಗ ತೀರಿಸುವೆನೆಂದೂ ಅವನು ಮಾತು ಕೊಟ್ಟ. ಕರುಣೆ ತನ್ನದು, ಅದರ ಖರ್ಚೂ ತನ್ನದೇ ಎಂದು ಅವನು ಅರಿತಿದ್ದ. ಛತ್ರದವನಿಗೆ ತ್ಯಾಗದ ಉಪದೇಶ ಮಾಡಲಿಲ್ಲ. ಕೆಲಸದವನ ಕೂಲಿಯ ಹಕ್ಕನ್ನು ಕರ್ತನು ಹೇಳಿದ್ದೂ ಲೂಕನ ಅದೇ ಹತ್ತನೆಯ ಅಧ್ಯಾಯದಲ್ಲಿ.

ನ್ಯಾಯಾಲಯವೂ ಹೀಗೆಯೇ ಕಂಡಿತ್ತು. 1978ರ ಬೆಂಗಳೂರು ಜಲಮಂಡಲಿ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು, ಸಂಬಳದ ಕೆಲಸಗಾರರನ್ನಿಟ್ಟುಕೊಂಡ ಆಸ್ಪತ್ರೆಗಳನ್ನೂ ಧರ್ಮಸಂಸ್ಥೆಗಳನ್ನೂ 'ಕೈಗಾರಿಕೆ'ಯ ಅರ್ಥದೊಳಗೆ ತಂದಿತು. ದಾನ ಸಲ್ಲುವುದು ರೋಗಿಗೆ, ದುಡಿಯುವವನಿಗಲ್ಲ ಎಂಬುದು ಅದರ ತರ್ಕ. ಆದರೆ 2020ರಲ್ಲಿ ಸಂಸತ್ತು ಒಪ್ಪಿ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು, ಪೂರ್ತಿಯಾಗಿ ಅಥವಾ ಬಹುಮಟ್ಟಿಗೆ ಧರ್ಮಕಾರ್ಯದಲ್ಲಿ ತೊಡಗಿದ ಸಂಘಗಳು ನಡೆಸುವ ಸಂಸ್ಥೆಗಳನ್ನು ಆ ಅರ್ಥದಿಂದ ಹೊರಗಿಟ್ಟಿದೆ. ಕನಿಷ್ಠ ವೇತನದ ಕಾನೂನು ಬೇರೆ, ಅದು ಉಳಿದಿದೆ. ಆದರೂ ವಿವಾದವೆದ್ದರೆ ಕೆಲಸಗಾರನು ತಟ್ಟುವ ಬಾಗಿಲು ಕಿರಿದಾಗಿದೆ. ಕಾನೂನು ಕೈಬಿಟ್ಟ ಕಡೆ ಮನಸ್ಸಾಕ್ಷಿ ಕೈಹಿಡಿಯದಿದ್ದರೆ ನಮ್ಮ ಆಸ್ಪತ್ರೆಯ ಗೋಡೆಯ ಮೇಲಿನ ಶಿಲುಬೆಗೆ ಏನು ಅರ್ಥ?

'ಹಣ ಎಲ್ಲಿಂದ ತರುವುದು?' ಎಂದು ಆಡಳಿತದವರು ಕೇಳುತ್ತಾರೆ. ಪ್ರಶ್ನೆ ಸುಳ್ಳಲ್ಲ. ಹೊರದೇಶದ ಮಿಷನುಗಳ ನೆರವು ಮೊದಲಿನಂತಿಲ್ಲ. ಬಡವನಿಂದ ಹೆಚ್ಚು ಫೀಸು ಕೇಳಿದರೆ ಆಸ್ಪತ್ರೆ ಇದ್ದು ಪ್ರಯೋಜನವಿಲ್ಲ. ದಾದಿಯರ ವೇತನದ ಬಗ್ಗೆ ಸುಪ್ರೀಂ ಕೋರ್ಟು 2016ರಲ್ಲಿ ಸಮಿತಿ ಮಾಡಿಸಿದಾಗ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಿರಬಾರದೆಂದು ಅದು ಹೇಳಿತು. ಅಷ್ಟು ಕೊಡುವುದು ಚಿಕ್ಕ ಆಸ್ಪತ್ರೆಗೆ ಸುಲಭವಲ್ಲ. ಆದರೆ ಕಷ್ಟವಿದೆಯೆಂದರೆ ಅದನ್ನು ಎಲ್ಲರೂ ಹಂಚಿಕೊಳ್ಳಲಿ. ಎಲ್ಲರಿಗಿಂತ ಕಡಿಮೆ ಪಗಾರದವನ ಹೆಗಲ ಮೇಲೆಯೇ ಆಸ್ಪತ್ರೆಯ ಧರ್ಮವೆಲ್ಲ ನಿಲ್ಲಬಾರದು.

ಆದಕಾರಣ ಮೂರು ಕೆಲಸಗಳು ಆಗಬೇಕು. ಒಂದು, ವರ್ಷಕ್ಕೊಮ್ಮೆ ಆಸ್ಪತ್ರೆಯ ಆದಾಯ ವೆಚ್ಚವನ್ನು ಎಲ್ಲ ಕೆಲಸಗಾರರ ಮುಂದೆ, ಅವರ ಭಾಷೆಯಲ್ಲಿ ಓದಿ ಹೇಳಬೇಕು. ಲೆಕ್ಕ ತಿಳಿದವನು ತಾಳ್ಮೆಯನ್ನೂ ತಾಳಬಲ್ಲನು. ಎರಡು, ಪಗಾರ ಒಂದು ತಿಂಗಳು ತಡವಾಗುವುದಾದರೆ ಮೇಲಿನಿಂದ ತಡವಾಗಲಿ. ಮೊದಲು ಕಸ ಗುಡಿಸುವವನಿಗೆ, ಕಡೆಗೆ ಅಧಿಕಾರಿಗೆ. ಅವನ ಪಗಾರದಿಂದ ಮುರಿದುಕೊಂಡ ಭವಿಷ್ಯನಿಧಿಯಂತೂ ಅವನದೇ ಹಣ, ಅದನ್ನು ಬೇರೆ ಖರ್ಚಿಗೆ ಮುಟ್ಟುವುದು ದೇವರ ಮುಂದೆಯೂ ಕಾನೂನಿನ ಮುಂದೆಯೂ ಅಪರಾಧ. ಮೂರು, ಸಭೆಯವರಾದ ನಾವು ಸುಗ್ಗಿಹಬ್ಬದ ಕಾಣಿಕೆಯಲ್ಲಿ ಒಂದು ಪಾಲನ್ನು ಆಸ್ಪತ್ರೆಯ ವೇತನ ನಿಧಿಗೆ ಕೊಡಬೇಕು. ಹೆಸರು ಕೆತ್ತಿಸುವ ಹೊಸ ಕೋಣೆಗೆ ದಾನಿಗಳು ಸಿಗುತ್ತಾರೆ. ಆ ಕೋಣೆಯನ್ನು ದಿನಾ ಒರೆಸುವವಳ ಪಗಾರಕ್ಕೆ ದಾನಿಗಳು ಸಿಗುವುದಿಲ್ಲ.

ಹಳ್ಳಿಯ ಆಸ್ಪತ್ರೆಗೆ ಹೋಗುವ ಯುವ ಡಾಕ್ಟರರಿಗೂ ದಾದಿಯರಿಗೂ ಒಂದು ಮಾತು. ಹೋಗಿರಿ, ನಿಮ್ಮ ಅವಶ್ಯವಿದೆ. ಹೋದ ಮೊದಲ ವಾರದಲ್ಲಿ, ನಿಮ್ಮ ವಾರ್ಡನ್ನು ಗುಡಿಸುವವರಿಗೆ ಈ ತಿಂಗಳ ಪಗಾರ ಬಂದಿದೆಯೇ ಎಂದು ಕೇಳಿರಿ. ಬಂದಿಲ್ಲವಾದರೆ ಆಡಳಿತದವರ ಬಾಗಿಲಿಗೆ ಅವರೊಡನೆ ನೀವೂ ಹೋಗಿರಿ. ಅದೂ ಸೇವೆಯೇ.