ಅಳಿದುದರೊಳಗೆ ಉಳಿದುದು

ಬರೆಹದ ಆಸರೆ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ತಾಡೋಲೆಯ ಕಟ್ಟು ಹೋಗಿ ಕಾಗದದ ಹೊತ್ತಗೆ ಬಂದಿತು. ಈಗ ಹಿರಿಯರ ಭಾವಚಿತ್ರ, ಮಕ್ಕಳ ಅಂಕಪಟ್ಟಿ, ಹೊಲಮನೆಯ ಪತ್ರ, ಪ್ರವಚನದ ಧ್ವನಿ ಎಲ್ಲವೂ ಗಣಕಯಂತ್ರದೊಳಗೆ ಸೇರಿವೆ. ಆಸರೆ ಯಾವುದಾದರೇನು, ಬೆಂಕಿ ನೀರುಗಳ ಭಯ ತಪ್ಪಿದ್ದಲ್ಲ. ಅಂಥ ಆಪತ್ತಿನಲ್ಲಿ ಕಳೆದುದು ಮರಳಿ ದೊರೆಯುವುದೇ ಎಂಬ ಪ್ರಶ್ನೆಯನ್ನು ಈ ಸಂಚಿಕೆಯಲ್ಲಿ ಎತ್ತಿಕೊಂಡಿದ್ದೇವೆ.

2003ರ ಜನವರಿ 16ರಂದು ಅಮೆರಿಕದ ಕೊಲಂಬಿಯಾ ನೌಕೆಯು ಏಳು ಮಂದಿಯನ್ನು ಹೊತ್ತು ಅಂತರಿಕ್ಷಕ್ಕೆ ಏರಿತು. ಹರಿಯಾಣದ ಕರ್ನಾಲಿನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಅವರಲ್ಲೊಬ್ಬರು. ಏರುವಾಗಲೇ ಇಂಧನತೊಟ್ಟಿಯ ಹೊದಿಕೆಯ ತುಂಡೊಂದು ಕಳಚಿ ನೌಕೆಯ ಎಡರೆಕ್ಕೆಗೆ ಬಡಿದಿತ್ತು. ಫೆಬ್ರುವರಿ 1ರಂದು ಮರಳುವಾಗ, ಆ ಪೆಟ್ಟಿನಿಂದಾದ ರಂಧ್ರದ ಮೂಲಕ ಕುದಿಗಾಳಿ ಒಳನುಗ್ಗಿ, ನೌಕೆಯು ಟೆಕ್ಸಾಸ್ ಪ್ರಾಂತದ ಮೇಲೆ ಸುಮಾರು 60 ಕಿಲೋಮೀಟರ್ ಎತ್ತರದಲ್ಲಿ ಛಿದ್ರವಾಯಿತು. ಏಳು ಜನರೂ ಅಸುನೀಗಿದರು.

ಆ ನೌಕೆಯಲ್ಲಿ ಕ್ಸೆನಾನ್ ಎಂಬ ಅನಿಲವನ್ನು ಕುರಿತ ಪ್ರಯೋಗವೊಂದು ನಡೆದಿತ್ತು. ಮೊಸರನ್ನು ಕಡೆದಾಗ ಅದು ತೆಳುವಾಗಿ ಹರಿಯುವುದನ್ನು ನಮ್ಮ ತಾಯಂದಿರು ಬಲ್ಲರು. ದ್ರವವೆಂಬ, ಅನಿಲವೆಂಬ ಭೇದವೇ ಅಳಿಯುವ ಒಂದು ಸ್ಥಿತಿಯಲ್ಲಿ ಕ್ಸೆನಾನ್ ಸಹ ಹೀಗೆಯೇ ವರ್ತಿಸುವುದೇ ಎಂಬುದು ವಿಜ್ಞಾನಿಗಳ ಪ್ರಶ್ನೆಯಾಗಿತ್ತು. ಭೂಮಿಯ ಮೇಲೆ ಅದು ತನ್ನ ಭಾರಕ್ಕೆ ತಾನೇ ಒತ್ತಿಕೊಂಡು ಅಳತೆ ಕೆಡುವುದರಿಂದ ಅಂತರಿಕ್ಷಕ್ಕೆ ಹೋಗಬೇಕಾಯಿತು. ಅಳತೆಗಳ ಒಂದು ಭಾಗ ರೇಡಿಯೋ ಮೂಲಕ ಕೆಳಗೆ ಬಂದಿತ್ತು. ಉಳಿದುದು ನೌಕೆಯ ಹಾರ್ಡ್ ಡಿಸ್ಕಿನಲ್ಲಿ ಮಾತ್ರವಿತ್ತು.

ಅವಘಡವಾದ ಕೆಲವು ತಿಂಗಳ ತರುವಾಯ ಆ ಡಿಸ್ಕು ನೀರಾರಿದ ಕೆರೆಯಂಗಳವೊಂದರಲ್ಲಿ ಸಿಕ್ಕಿತು. ಮೇಲ್ಮೈ ಕರಕಾಗಿತ್ತು, ಧೂಳು ತಡೆಯುವ ಅಂಚು ಕರಗಿತ್ತು. ಆದರೆ ಬರೆಹವನ್ನು ಕಾಂತದ ಗುರುತುಗಳಾಗಿ ಹಿಡಿದಿಡುವ ಒಳಗಿನ ತಟ್ಟೆಗಳು ಸೊಟ್ಟಗಾಗಿರಲಿಲ್ಲ. ಕ್ರೋಲ್ ಆನ್‌ಟ್ರ್ಯಾಕ್ ಸಂಸ್ಥೆಯ ತಜ್ಞರು ಅವುಗಳನ್ನು ತೊಳೆದು, ಹೊಸ ಕವಚದಲ್ಲಿ ಕೂರಿಸಿ ಓದಿದರು. 100ಕ್ಕೆ 99 ಪಾಲು ಮಾಹಿತಿ ದೊರೆಯಿತು. ಗಾಯವಾದುದು ಇನ್ನೂ ಬರೆಯದ ಭಾಗಕ್ಕೆ. ಅಲ್ಲದೆ ಆ ಹಳೆಯ ವ್ಯವಸ್ಥೆ ಬರೆಹವನ್ನು ಚದುರಿಸದೆ ಒಂದೆಡೆ ಇರಿಸುತ್ತಿತ್ತು. 2008ರಲ್ಲಿ ಆ ಪ್ರಯೋಗದ ಫಲಿತಾಂಶ ವಿದ್ವತ್ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಕಾಯ ಅಳಿದ ಮೇಲೂ ಆ ಏಳು ಜನರ ಕಾಯಕ ಲೋಕಕ್ಕೆ ಸಂದಿತು.

ಆದರೆ ಅದೃಷ್ಟವನ್ನು ನೆಚ್ಚಿ ಕುಳಿತವರ ಗತಿಯನ್ನೂ ನೋಡಬೇಕು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರಕಾರಿ ಗಣಕ ಕೇಂದ್ರದಲ್ಲಿ ಬ್ಯಾಟರಿಗಳಿಂದ ಬೆಂಕಿ ಹತ್ತಿತು. ಅಧಿಕಾರಿಗಳು ತಮ್ಮ ಕಡತಗಳನ್ನು ಇರಿಸುತ್ತಿದ್ದ 858 ಟೆರಾಬೈಟ್ ಪ್ರಮಾಣದ ಭಂಡಾರ ಸುಟ್ಟುಹೋಯಿತು. ಗಾತ್ರ ದೊಡ್ಡದೆಂದು ಅದರ ಪ್ರತಿಯನ್ನು ಬೇರೆಡೆ ಇರಿಸಿರಲಿಲ್ಲ. ಕೊಲಂಬಿಯಾದ ಡಿಸ್ಕಿನೊಂದಿಗೆ ಹೋಲಿಸಿದರೆ ಎಷ್ಟೋ ಪಟ್ಟು ಹಿರಿದಾದ ಸಂಪತ್ತು, ನೆಲದ ಮೇಲೆಯೇ, ಕಾವಲಿನೊಳಗೆಯೇ ಬೂದಿಯಾಯಿತು.

ಪ್ರತಿ ಮಾಡಿ ಹಂಚಿಡುವುದರ ಬೆಲೆಯನ್ನು ನಮ್ಮ ಸಮಾಜಕ್ಕೆ ಹೊಸದಾಗಿ ಹೇಳಬೇಕಿಲ್ಲ. ಕಲ್ಯಾಣದ ವಿಪ್ಲವದಲ್ಲಿ ಶರಣರು ವಚನದ ಕಟ್ಟುಗಳನ್ನು ಹೊತ್ತು ದಿಕ್ಕುದಿಕ್ಕಿಗೆ ನಡೆದರೆಂದು ಪರಂಪರೆ ಹೇಳುತ್ತದೆ. ಮುಂದೆ ಮಠಗಳಲ್ಲಿ, ಮನೆಗಳ ಜಗುಲಿಯಲ್ಲಿ ಕೈಬರೆಹದ ಪ್ರತಿಗಳು ಉಳಿದವು. ಒಂದರಲ್ಲಿ ಹುಳು ತಿಂದ ಸಾಲು ಇನ್ನೊಂದರಲ್ಲಿ ಉಳಿದಿರುತ್ತಿತ್ತು. ಹಾಗೆ ಚದುರಿದ್ದ ಓಲೆಗಳನ್ನು ಅರಸಿ ತಂದುದರಿಂದಲೇ ಫ. ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಅಚ್ಚು ಹಾಕಿಸಲು ಸಾಧ್ಯವಾಯಿತು.

2019ರ ಆಗಸ್ಟಿನಲ್ಲಿ ಮಲಪ್ರಭೆ, ಘಟಪ್ರಭೆ, ಕೃಷ್ಣೆಯರು ಉಕ್ಕಿ ಮನೆಗಳನ್ನು ಹೊಕ್ಕುದನ್ನು ನಮ್ಮ ಓದುಗರು ಮರೆತಿರಲಾರರು. ಹಾಗೆ ನೆನೆದ ಡಿಸ್ಕಿಗೆ ವಿದ್ಯುತ್ತನ್ನು ಕೊಡಬಾರದು. ಓದುವ ಮೊನೆಯು ತಟ್ಟೆಯ ಮೇಲೆ ಕೂದಲೆಳೆಗಿಂತಲೂ ಕಡಿಮೆ ಅಂತರದಲ್ಲಿ ತೇಲುವುದರಿಂದ, ಮಣ್ಣಿನ ಒಂದು ಕಣವಿದ್ದರೂ ಗೀರಿ ಹಾಕುತ್ತದೆ. ಬಿಸಿಲಿಗೆ, ಒಲೆಯ ಕಾವಿಗೆ ಒಡ್ಡಿದರೆ ಕೆಸರು ಗಟ್ಟಿಯಾಗಿ ಅಂಟುತ್ತದೆ. ಬಿಚ್ಚದೆ, ಗಾಳಿಯಾಡದ ಚೀಲದಲ್ಲಿ ಕಟ್ಟಿ, ಧೂಳಿಲ್ಲದ ಕೋಣೆಯುಳ್ಳ ತಜ್ಞರಿಗೆ ಒಪ್ಪಿಸಬೇಕು.

ಅದಕ್ಕೂ ಮೊದಲಿನ ಕರ್ತವ್ಯವೆಂದರೆ, ಮೂರು ಪ್ರತಿಗಳಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಬೇರೆ ಊರಿನಲ್ಲಿರಲಿ ಎಂದು ಬಲ್ಲವರು ಹೇಳುವ ನಿಯಮವನ್ನು ಪಾಲಿಸುವುದು. ಮಗಳ ಮನೆಗೋ ತಮ್ಮನ ಮನೆಗೋ ಹೋಗುವಾಗ ಹಣ್ಣುಕಾಯಿಯ ಜೊತೆ ಒಂದು ಪ್ರತಿಯನ್ನೂ ಒಯ್ಯಬಹುದು. ವರುಷಕ್ಕೊಮ್ಮೆ, ಬಸವ ಜಯಂತಿಯಂದು, ಅದನ್ನು ತೆರೆದು ಓದಿ ನೋಡುವ ರೂಢಿಯನ್ನು ನಮ್ಮ ಕುಟುಂಬಗಳು ಇಟ್ಟುಕೊಳ್ಳಲೆಂದು ಹಾರೈಸುತ್ತೇವೆ.